ಎಡಗಡೆ ಬೇಸ್ ಇಲ್ಲ

ನನ್ನ ಗಂಡ ಅನಂತರಾಜು ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಬೇಸ್ ಗಿಟಾರ್ ತಂದು ಮಹಡಿ ಕೋಣೆಯ ಬಾಗಿಲು ಹಾಕಿಕೊಂಡಾಗ ನಾನು ಆಕ್ಷೇಪಿಸಲಿಲ್ಲ. ಆ ವಯಸ್ಸಿನಲ್ಲಿ ಗಂಡಸರಿಗೆ ಏನಾದರೊಂದು ಬರುತ್ತದೆ. ಗಂಗಾನಗರದ ನಮ್ಮ ಬೀದಿಯಲ್ಲೇ ಒಬ್ಬರು ದುಬಾರಿ ಸೈಕಲ್ ಕೊಂಡು ನಂದಿಬೆಟ್ಟಕ್ಕೆ ಹೊರಟು ದೇವನಹಳ್ಳಿ ದಾಟುವ ಮೊದಲೇ ಮಂಡಿ ಒಡೆದುಕೊಂಡು ಆಟೋದಲ್ಲಿ ವಾಪಸು ಬಂದಿದ್ದರು. ಇನ್ನೊಬ್ಬರು ತಾರಸಿಯಲ್ಲಿ ಪಾರಿವಾಳ ಸಾಕಿ ಇಡೀ ಬೀದಿಯ ಒಗೆದ ಬಟ್ಟೆ ಹಾಳುಮಾಡಿದ್ದರು. ಇವರದು ಅಷ್ಟೇನೂ ಅಪಾಯದ್ದಲ್ಲ ಎಂದುಕೊಂಡೆ.

ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಯ ವಾದ್ಯ. ಹಾಡಿನ ಅಡಿಯಲ್ಲಿ ದುಂ ದುಂ ಎಂದು ಒಂದು ಕೆಳದನಿ ನಡೆದು ಹೋಗುತ್ತಿರುತ್ತದಲ್ಲ, ಅದು. ಮದುವೆಗೆ ಮುಂಚೆ ಇವರು ಒಂದು ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುತ್ತಿದ್ದರು. ಮತ್ತಿಕೆರೆ, ಯಶವಂತಪುರ, ಹೆಬ್ಬಾಳದ ಗಣೇಶನ ಪೆಂಡಾಲುಗಳಲ್ಲೆಲ್ಲ ಇವರ ತಂಡದ್ದೇ ಹಾಡಂತೆ. ಸಾಕ್ಷಿಗೆ ಒಂದು ಫೋಟೊ ಇದೆ. ಗಾಯಕ ಮುಂದೆ ಕೈ ಚಾಚಿ ನಿಂತಿದ್ದಾನೆ, ಕೀಬೋರ್ಡಿನ ಮುನೇಶ್ ಪಕ್ಕದಲ್ಲಿ ನಗುತ್ತಿದ್ದಾನೆ, ನನ್ನ ಗಂಡ ಹಿಂದುಗಡೆ ಸ್ಪೀಕರಿನ ಮರೆಯಲ್ಲಿ ಅರ್ಧ ಮುಖ ಕಾಣಿಸಿಕೊಂಡು ನಿಂತಿದ್ದಾರೆ. ಇಡೀ ತಂಡದಲ್ಲಿ ಇವರೊಬ್ಬರು ಬರದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ನಾನು ನೆಂಟರ ಮುಂದೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಇವರೂ ನಗುತ್ತಿದ್ದರು.

ನನ್ನ ಕೆಲಸ ಕಿವಿ ಪರೀಕ್ಷೆ. ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಜನರನ್ನು ಸದ್ದು ನುಸುಳದ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ದನಿಗಳನ್ನು ಬಿಟ್ಟು, ಕೇಳಿಸಿದಾಗ ಗುಂಡಿ ಒತ್ತಿ ಎನ್ನುವುದು. ಕೇಳಿಸದಿದ್ದರೂ ಮರ್ಯಾದೆಗೆ ಒತ್ತುವವರು, ಕೇಳಿಸಿದರೂ ಮಗನ ಮೇಲಿನ ಸಿಟ್ಟಿಗೆ ಒತ್ತದವರು, ಕಿವಿಗೆ ಹಾಕುವ ಮಿಷನ್ ಮಾಡಿಸಿಕೊಂಡು ಬೀರುವಿನಲ್ಲಿ ಇಡುವವರು. ಹತ್ತೊಂಬತ್ತು ವರ್ಷ ಇಂಥವರನ್ನು ನೋಡಿದ ಮೇಲೆ ಮನುಷ್ಯರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಉಳಿದಿರಲಿಲ್ಲ. ಗಂಡನನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದೆ.

ಇವರು ಯಶವಂತಪುರದ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಬುಕಿಂಗ್ ಮ್ಯಾನೇಜರು. ಗಿಟಾರ್ ತಂದದ್ದು ಮುನೇಶನ ಮಾತು ಕೇಳಿ. ಮುನೇಶ್ ಈಗ ತಣಿಸಂದ್ರದ ಫ್ಲಾಟಿನಲ್ಲಿದ್ದ. ಹಳೆಯ ತಂಡದವರೆಲ್ಲ ತಂತಮ್ಮ ಮನೆಯಲ್ಲೇ ನುಡಿಸಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಎಲ್ಲವನ್ನೂ ಸೇರಿಸಿ ತಮ್ಮದೇ ನಾಲ್ಕು ಹಾಡು ಮಾಡೋಣ ಎಂದಿದ್ದ. ಹಾಡುಗಳನ್ನು ನಾನು ಕೇಳಿದ್ದೆ. ಮುನೇಶನೇ ಬರೆದು ಮುನೇಶನೇ ಹಾಡಿದ್ದು. ಅವುಗಳ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು.

ಮೊದಲ ಐದು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಆಫೀಸಿನಿಂದ ಬಂದು, ಕಾಫಿ ಕುಡಿದು, ಮೇಲೆ ಹೋಗಿ ದುಂ ದುಂ. ಜೂನ್ ಹೊತ್ತಿಗೆ ಇವರು ಕಾಫಿ ಕುಡಿಯುವಾಗಲೂ ಮುಖ ಗಂಟು ಹಾಕಿಕೊಂಡಿರಲು ಶುರು ಮಾಡಿದರು.

"ಸೌಂಡ್ ಬರ್ತಿಲ್ಲ ಶಶಿ," ಎಂದರು.

"ಬರ್ತಿದ್ಯಲ್ರೀ, ಕೆಳಗೆ ಅಡಿಗೆ ಮನೇಲಿ ಪಾತ್ರೆ ಅದುರ್ತಿವೆ."

"ಅದಲ್ಲ. ರೆಕಾರ್ಡಿಂಗಲ್ಲಿ ಬೇಸ್ ನಿಲ್ತಿಲ್ಲ. ಒಂದಿನ ಇರುತ್ತೆ, ಒಂದಿನ ಇರಲ್ಲ."

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಬಾಯಲ್ಲೂ ಅಂದೆ.

ಮುಂದಿನ ವಾರ ಹೊಸ ತಂತಿ ಬಂತು. ಆಮೇಲೆ ಹೊಸ ಕೇಬಲ್. ಆಮೇಲೆ ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ ಸರಿಯಿಲ್ಲವೆಂದು ಇನ್ನೊಂದು ಪೆಟ್ಟಿಗೆ. ಒಂದು ಭಾನುವಾರ ಮುನೇಶ್ ಫೋನ್ ಮಾಡಿದ. ಇವರು ಕೈಯಲ್ಲಿ ತಂತಿ ಹಿಡಿದಿದ್ದರಿಂದ ಸ್ಪೀಕರಿಗೆ ಹಾಕಿದರು.

"ಗುರು, ಇದೇನ್ ಬೇಸಾ ಜೆಸಿಬಿನಾ? ನಮ್ ಬಿಲ್ಡಿಂಗ್ ಪಾಯ ಅಗೀತಿದ್ದಂಗಿದೆ."

"ಜಾಸ್ತಿ ಆಯ್ತಾ?"

"ಜಾಸ್ತಿನಾ? ಮಗಾ, ಸೋಮವಾರ ಕಳಿಸಿದ್ದು ಸೂಪರಾಗಿತ್ತು. ಗುರುವಾರದ್ದು ಬರೀ ಗುಡುಗು. ಅದೇ ಗಿಟಾರು, ಅದೇ ಕೈ. ಮಧ್ಯದಲ್ಲಿ ಏನ್ ಮಾಡ್ದೆ?"

"ಏನೂ ಮಾಡಿಲ್ವೋ. ಕೇಳಿಸ್ತಾನೇ ಇರ್ಲಿಲ್ಲ ಅಂತ ಸ್ವಲ್ಪ ಏರಿಸ್ದೆ ಅಷ್ಟೆ."

ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮುಖದ ಮೇಲೆ ನಗು ಬಂದಿರಬೇಕು. ಇವರು ನನ್ನ ಕಡೆ ನೋಡಿ ಫೋನ್ ಎತ್ತಿಕೊಂಡು ಮೇಲೆ ಹೋದರು.

ಆಮೇಲೆ 'ಹಮ್' ಶುರುವಾಯಿತು. ರೆಕಾರ್ಡಿಂಗಿನಲ್ಲಿ ಗುಂಯ್ ಎಂದು ಒಂದು ಸದ್ದು ಸೇರಿಕೊಳ್ಳುತ್ತಿದೆ, ಕರೆಂಟಿನ ದೋಷ, ಮನೆಗೆ ಅರ್ತಿಂಗ್ ಸರಿಯಿಲ್ಲ ಎಂದರು. ಎಲೆಕ್ಟ್ರಿಷಿಯನ್ ಖುದ್ದೂಸ್ ಬಂದ. ನಮ್ಮ ಮನೆ ಕಟ್ಟುವಾಗ ವೈರಿಂಗ್ ಮಾಡಿದವನೇ ಅವನು. ಮೀಟರು ಇಟ್ಟು ನೋಡಿದ, ಕಾಂಪೌಂಡಿನ ಮೂಲೆ ಅಗೆದು ಉಪ್ಪು, ಇದ್ದಿಲು ಸುರಿದು ಹೊಸ ಅರ್ತಿಂಗ್ ಕೊಟ್ಟ. ಮೇಲೆ ಬಂದು ಇವರ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ.

"ಸಾರ್, ನಂಗೇನೂ ಕೇಳ್ತಾ ಇಲ್ಲ."

"ಸರಿಯಾಗಿ ಕೇಳಪ್ಪಾ. ಸಣ್ಣಗೆ, ದೂರದಲ್ಲಿ ಲಾರಿ ನಿಂತ್ಕೊಂಡು ಇಂಜಿನ್ ಓಡ್ತಿರೋ ಥರ."

ಖುದ್ದೂಸ್ ಮತ್ತೊಮ್ಮೆ ಕೇಳಿದ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದ.

"ಇಡೀ ದಿನ ಲಾರಿ ಆಫೀಸಲ್ಲಿ ಇರ್ತಾರಲ್ಲ, ಅದಕ್ಕೆ," ಎಂದೆ ನಾನು. ಖುದ್ದೂಸ್ ನಗಲಿಲ್ಲ. "ಸಾರ್, ಹಮ್ ಇದ್ರೆ ನಂಗೂ ಕೇಳ್ಬೇಕಲ್ವಾ?" ಎಂದಷ್ಟೇ ಹೇಳಿ ಹೋದ. ಅವನು ಓದಿದ್ದು ಏಳನೇ ಕ್ಲಾಸು. ನಾನು ಮೈಸೂರಿನಲ್ಲಿ ಆರು ವರ್ಷ ಕಿವಿಯ ಬಗ್ಗೆಯೇ ಓದಿದವಳು.

ಕೊನೆಗೆ ಇವರು ಕೋಣೆಯ ಮೇಲೆ ಆರೋಪ ಹೊರಿಸಿದರು. ಎರಡು ಸ್ಪೀಕರುಗಳಲ್ಲಿ ಎಡಗಡೆಯದರಲ್ಲಿ ಬೇಸ್ ಇಲ್ಲ. ಮೊದಲು ಸ್ಪೀಕರುಗಳನ್ನು ಅದಲುಬದಲು ಮಾಡಿದರು. ಆದರೂ ಎಡಗಡೆಯೇ ಇಲ್ಲ. ಹಾಗಾದರೆ ಎಡಗಡೆಯ ಮೂಲೆ ಕೆಳದನಿಯನ್ನು ನುಂಗುತ್ತಿದೆ ಎಂದು ಮೇಜನ್ನೇ ಎದುರು ಗೋಡೆಗೆ ತಿರುಗಿಸಿದರು. ಆಗ ಆ ಮೂಲೆ ಬಲಕ್ಕೆ ಬಂತು. ಇವರಿಗೆ ಈಗಲೂ ಎಡಗಡೆಯೇ ಇಲ್ಲ. ಮೂರನೆಯ ಗೋಡೆ, ನಾಲ್ಕನೆಯ ಗೋಡೆ. ಆಮೇಲೆ ಸುಲ್ತಾನ್‌ಪಾಳ್ಯದಲ್ಲಿ ಹಾಸಿಗೆ ಹೊಲಿಯುವವರ ಹತ್ತಿರ ಹೋಗಿ ನಾಲ್ಕು ಆಳೆತ್ತರದ ಹತ್ತಿ ದಿಂಬು ಹೊಲಿಸಿ ತಂದು ಮೂಲೆಗೊಂದರಂತೆ ನಿಲ್ಲಿಸಿದರು. ಕೋಣೆಯ ಬಾಗಿಲು ತೆಗೆದರೆ ನಾಲ್ಕು ಜನ ದಪ್ಪ ನೆಂಟರು ಗೋಡೆಗೊರಗಿ ನಿಂತ ಹಾಗಿತ್ತು.

"ವಾಸ್ತು ನೋಡ್ಸೋಣ್ವಾ?" ಎಂದೆ.

ಇವರು ಒಂದು ದಿಂಬನ್ನು ಮೂಲೆಗೆ ಇನ್ನಷ್ಟು ಒತ್ತಿದರು. ಇತ್ತೀಚೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದರು. ಅದನ್ನೂ ನಾನು ಸೊಕ್ಕು ಎಂದೇ ಲೆಕ್ಕಕ್ಕೆ ಹಿಡಿದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮಹಡಿಯಿಂದ ಇಳಿಯುವಾಗ ಇವರು ನಡುವೆ ನಿಂತು, ಕಂಬಿ ಹಿಡಿದು, ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖ ಬೆವೆತಿತ್ತು.

"ಎಲ್ಲಾ ತಿರುಗ್ತಿದೆ ಶಶಿ. ಕಿವಿ ಕಟ್ಕೊಂಡಂಗಿದೆ."

"ಮೂರು ಹೊತ್ತೂ ಹೆಡ್‌ಫೋನ್ ಹಾಕ್ಕೊಂಡ್ರೆ ಇನ್ನೇನಾಗುತ್ತೆ? ಖಾಲಿ ಹೊಟ್ಟೇಲಿ ಕಾಫಿ ಕುಡೀಬೇಡಿ ಅಂದ್ರೆ ಕೇಳಲ್ಲ. ಪಿತ್ತ ಅದು."

ಹೌದು, ಪಿತ್ತ ಎಂದೆ. ನಮ್ಮಜ್ಜಿಯಾದರೂ ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು. ಒಂದು ಲೋಟ ನಿಂಬೆ ಪಾನಕಕ್ಕೆ ಚೆನ್ನಾಗಿ ಉಪ್ಪು ಹಾಕಿ ಕೊಟ್ಟು ಕೆಲಸಕ್ಕೆ ಹೊರಟೆ. ಇವರು ಅರ್ಧ ದಿನ ಮಲಗಿ, ಮಧ್ಯಾಹ್ನದ ಮೇಲೆ ಆಫೀಸಿಗೆ ಹೋದರಂತೆ.

ಮಾರನೆಯ ದಿನ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ನಾನು ಇದನ್ನೆಲ್ಲ ಹೇಳತೊಡಗಿದೆ. ನನ್ನ ಜೊತೆ ಕೆಲಸ ಮಾಡುವ ಸಬಾ ಇದ್ದಳು. ಎರಡು ವರ್ಷದ ಹಿಂದೆ ಓದು ಮುಗಿಸಿ ಬಂದು ಸೇರಿದವಳು. ರಿಸೆಪ್ಷನ್ನಿನ ರಾಧಾಮಣಿಯೂ ಇದ್ದಳು. ನನಗೆ ಇಂಥದ್ದನ್ನು ಹೇಳಲು ಬರುತ್ತದೆ. ಮೇಜು ತಿರುಗಿಸುವುದನ್ನು ಎದ್ದು ನಿಂತು ಅಭಿನಯಿಸಿದೆ. ಖುದ್ದೂಸನ ಮುಖ ಮಾಡಿ ತೋರಿಸಿದೆ. ನಾಲ್ಕು ದಿಂಬುಗಳಿಗೆ ನಮ್ಮ ಕಡೆಯ ನೆಂಟರ ಹೆಸರಿಟ್ಟೆ. ರಾಧಾಮಣಿ ನಕ್ಕೂ ನಕ್ಕೂ ಅನ್ನ ನೆತ್ತಿಗೇರಿಸಿಕೊಂಡಳು.

ಸಬಾ ಕೂಡ ನಗುತ್ತಿದ್ದಳು. ಆಮೇಲೆ ನಿಲ್ಲಿಸಿದಳು.

"ಮೇಡಂ, ಮೇಜು ತಿರುಗ್ಸಿದ್ ಮೇಲೂ ಎಡಗಡೆನೇನಾ?"

"ಅದನ್ನೇ ಹೇಳ್ತಿರೋದು. ನಾಲ್ಕೂ ಗೋಡೆಗೂ ಎಡಗಡೆನೇ ಅಂತೆ!"

"ಒಂದಿನ ಇರುತ್ತೆ, ಒಂದಿನ ಇರಲ್ವಾ?"

"ಹೂಂ."

"ಹಮ್ ಅವ್ರಿಗೆ ಮಾತ್ರ ಕೇಳ್ಸುತ್ತಾ?"

ಸಬಾ ಚಮಚ ಕೆಳಗಿಟ್ಟಳು. ದನಿ ತಗ್ಗಿಸಿ, "ತಲೆ ಸುತ್ತು ಏನಾದ್ರೂ..." ಎಂದಳು.

"ನನ್ನ ಗಂಡನ ಕಿವಿ ನಂಗೊತ್ತಿಲ್ವಾ ಸಬಾ?" ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಕಾಯುತ್ತಿದ್ದ ಮುದುಕರೊಬ್ಬರು ತಿರುಗಿ ನೋಡಿದರು. ಅವರಿಗೆ ಕಿವಿ ಕೇಳಿಸುವುದಿಲ್ಲವೆಂದು ಅವರ ಸೊಸೆ ಕರೆದುಕೊಂಡು ಬಂದಿದ್ದಳು. ಸಬಾ "ಸಾರಿ ಮೇಡಂ" ಎಂದು ಡಬ್ಬಿ ಮುಚ್ಚಿದಳು.

ಎರಡು ವರ್ಷದ ಅನುಭವದ ಹುಡುಗಿ ನನಗೆ ಪಾಠ ಹೇಳುತ್ತಾಳೆ ಎಂದು ಒಂದು ಗಂಟೆ ಸಿಟ್ಟಿನಲ್ಲಿದ್ದೆ. ಆ ಗಂಟೆಯಲ್ಲಿ ಇಬ್ಬರ ಪರೀಕ್ಷೆ ಮಾಡಿದೆ. ಎರಡನೆಯವರ ವರದಿ ಬರೆಯುವಾಗ ಎಡ ಎಂದು ಬರೆಯಬೇಕಾದಲ್ಲಿ ಬಲ ಎಂದು ಬರೆದೆ. ಅದನ್ನು ಹೊಡೆದುಹಾಕಿ, ರಜೆ ಹೇಳಿ, ನಾಲ್ಕೂವರೆಗೆ ಮನೆಗೆ ಹೊರಟೆ.

ಇವರು ಆ ದಿನ ಬೇಗ ಬಂದಿದ್ದರು. ಮೇಲಿನ ಕೋಣೆಯಲ್ಲಿ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನಾನು ಆ ಕೋಣೆಗೆ ಬಂದು ತಿಂಗಳುಗಳೇ ಆಗಿದ್ದವು.

"ಒಂದು ಹಾಡು ಹಾಕಿ," ಎಂದೆ.

ಅನುಮಾನದಿಂದ ನೋಡಿದರು. ಹಾಕಿದರು.

"ಎಲ್ಲಿ ಬೇಸ್ ಇಲ್ಲ?"

ಎಡಗಡೆಯ ಸ್ಪೀಕರು ತೋರಿಸಿದರು.

"ಈಗ ಕುರ್ಚಿ ತಿರುಗ್ಸಿ. ಸ್ಪೀಕರಿಗೆ ಬೆನ್ನು ಹಾಕಿ ಕೂತ್ಕೊಳ್ಳಿ."

"ತಮಾಷೆ ಮಾಡೋಕ್ಕಾ ಬಂದೆ?"

"ಕೂತ್ಕೊಳ್ರೀ."

ಕೂತರು. ಮತ್ತೆ ಅದೇ ಹಾಡು. ಸ್ವಲ್ಪ ಹೊತ್ತು ಕೇಳಿ ಇವರ ಎಡಗೈ ತಾನಾಗಿ ಮೇಲೆದ್ದಿತು. ಈ ಸಲ ಆ ಕೈಯ ಕಡೆ ಇದ್ದದ್ದು ಇನ್ನೊಂದು ಸ್ಪೀಕರು. ಇವರು ಕೈಯನ್ನು ಹಾಗೇ ಹಿಡಿದುಕೊಂಡು, ತಿರುಗಿ ಸ್ಪೀಕರನ್ನು ನೋಡಿ, ಮತ್ತೆ ಕೈಯನ್ನು ನೋಡಿದರು.

"ಹಮ್ ಇದ್ಯಾ ಈಗ?"

"ಇದೆ."

ನಾನು ಕೆಳಗಿಳಿದು ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಬಂದೆ. ಕಂಪ್ಯೂಟರ್, ಫ್ಯಾನು, ಪೆಟ್ಟಿಗೆಯ ಮೇಲಿನ ಕೆಂಪು ದೀಪ ಎಲ್ಲವೂ ಆರಿದ್ದವು. ಕಿಟಕಿಯಿಂದ ಸಂಜೆ ಬಿಸಿಲು ಬರುತ್ತಿತ್ತು. ಪಕ್ಕದ ಮನೆಯವರು ಮಗುವನ್ನು ಕರೆಯುತ್ತಿದ್ದರು.

"ಈಗ?" ಎಂದೆ.

ಇವರು ಆರಿದ ಕೆಂಪು ದೀಪದ ಕಡೆ ನೋಡಿದರು. "ಈಗ್ಲೂ ಇದೆ," ಎಂದರು.

ಆಮೇಲೆ ನನ್ನ ಮುಖ ನೋಡಿದರು. ನಾನು ಏನನ್ನು ನೋಡುತ್ತಿದ್ದೇನೆಂದು ಇವರಿಗೆ ಅರ್ಥವಾಯಿತು. ನನಗೆ ಎಷ್ಟು ಮೊದಲೇ ಅರ್ಥವಾಗಬೇಕಿತ್ತೆಂಬುದೂ ಅರ್ಥವಾಯಿತು. ಗಿಟಾರನ್ನು ಗೋಡೆಗೆ ಒರಗಿಸಿ, "ನಾಳೆ ಟೆಸ್ಟ್ ಮಾಡ್ಸೋಣ," ಎಂದರು. "ಆದ್ರೆ ನೀನು ಮಾಡ್ಬೇಡ. ಇನ್ನೊಬ್ಳು ಹುಡುಗಿ ಇದಾಳಲ್ಲ, ಅವ್ಳು ಮಾಡ್ಲಿ."

"ಯಾಕೆ?"

"ತಪ್ಪು ಒತ್ತಿದ್ರೆ ನೀನು ಮುಖ ಮಾಡ್ತೀಯಾ."

ಮರುದಿನ ಸಬಾ ಪರೀಕ್ಷೆ ಮಾಡಿದಳು. ನಾನು ಗಾಜಿನ ಆಚೆ, ಇವರಿಗೆ ಕಾಣದ ಹಾಗೆ ನಿಂತಿದ್ದೆ. ಬಲಗಿವಿ ನೆಟ್ಟಗಿತ್ತು. ಎಡಗಿವಿಗೆ ಸಬಾ ಕೆಳದನಿ ಬಿಡತೊಡಗಿದಳು. ಇವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಕತ್ತು ಸ್ವಲ್ಪ ವಾಲಿಸಿ, ಬಾಗಿಲಾಚೆ ಯಾರೋ ಬಂದರೇನೋ ಎಂದು ಕಾಯುವವರಂತೆ ಕಾಯುತ್ತಿದ್ದರು. ಸಬಾ ದನಿ ಏರಿಸಿದಳು. ಇವರು ಕಾಯುತ್ತಲೇ ಇದ್ದರು. ಕೇಳಿಸದಿದ್ದರೂ ಒತ್ತುವ ಜನರನ್ನು ಕಂಡು ಕಂಡು ಬೇಸತ್ತವಳು ನಾನು. ಇವರು ಒಂದು ಸಲವೂ ಸುಳ್ಳು ಒತ್ತಲಿಲ್ಲ.

ಮಾತಿನ ದನಿಗಳು, ಮೇಲಿನ ದನಿಗಳು ಚೆನ್ನಾಗೇ ಇದ್ದವು. ಹೋಗಿದ್ದು ಎಡಗಿವಿಯ ಕೆಳದನಿ ಮಾತ್ರ. ಮನೆಯಲ್ಲಿ ನನ್ನ ಮಾತೆಲ್ಲ ಸರಿಯಾಗಿ ಕೇಳಿಸುತ್ತಿತ್ತು, ಗಿಟಾರ್ ಕೇಳಿಸುತ್ತಿರಲಿಲ್ಲ. ತಿರುಗುಮುರುಗಾಗಿದ್ದರೆ ಇವರಿಗೆ ಒಳ್ಳೆಯದಿತ್ತೇನೋ.

ಕಿವಿಯ ಡಾಕ್ಟರು ನೋಡಿ, ಒಳಗಿವಿಯಲ್ಲಿ ನೀರಿನ ಒತ್ತಡ ಏರುವ ಕಾಯಿಲೆ ಎಂದರು. ಏರಿದ ದಿನ ಕೆಳದನಿ ಮಾಯ, ಇಳಿದ ದಿನ ವಾಪಸು. ಗುಂಯ್ ಎನ್ನುವ ಸದ್ದು, ತಲೆಸುತ್ತು ಎಲ್ಲ ಅದರದೇ ಸಂತಾನ. ಮಾತ್ರೆ ಬರೆದರು, ಉಪ್ಪು ಬಿಡಿ ಎಂದರು. ಪೂರ್ತಿ ವಾಪಸು ಬರುತ್ತದೆಂದು ಹೇಳಲಾಗುವುದಿಲ್ಲ, ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಆ ಕೊನೆಯ ಮಾತು ಹೇಳುವಾಗ ಕಾಗದದ ಕಡೆ ನೋಡುತ್ತಿದ್ದರು.

ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಇವರು ಕೇಳಿದ ಮೊದಲ ಪ್ರಶ್ನೆ ಕಿವಿಯದಲ್ಲ.

"ಶಶಿ, ಹಾಗಾದ್ರೆ ಸೌಂಡ್ ಮೊದ್ಲಿಂದ ಚೆನ್ನಾಗೇ ಇತ್ತಾ?"

ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಒಂದನ್ನೂ ಕೂತು ಕೇಳಿರಲಿಲ್ಲ.

ಆ ವಾರ ಎಲ್ಲವನ್ನೂ ಕೇಳಿದೆ. ಇವರು ತಾರೀಖು ಹಾಕಿ ಇಟ್ಟಿದ್ದರು, ಅರವತ್ತೊಂದು ರೆಕಾರ್ಡಿಂಗ್. ಕಾಯಿಲೆ ಯಾವ ದಿನ ಏರಿತ್ತು, ಯಾವ ದಿನ ಇಳಿದಿತ್ತು ಎಂಬುದು ಅದರಲ್ಲಿ ಸಾಲಾಗಿ ಕೇಳಿಸುತ್ತಿತ್ತು. ನಾನು ಮಹಡಿಯ ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಮೇಲೆ ಒಬ್ಬ ಮನುಷ್ಯ ದಿನಾ ತನ್ನ ಕಿವಿಯ ವರದಿಯನ್ನು ತಾನೇ ರೆಕಾರ್ಡ್ ಮಾಡುತ್ತಿದ್ದ. ಅದನ್ನು ಓದಬಲ್ಲ ವಿದ್ಯೆ ಆ ಮನೆಯಲ್ಲಿ ನನಗೊಬ್ಬಳಿಗೇ ಇದ್ದದ್ದು. ನಾನು ನೆಂಟರಿಗೆ ಹೇಳುವ ಕತೆ ಹೊಂದಿಸುತ್ತಿದ್ದೆ. ಸಬಾಳಿಗೆ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಮೇಡಂ" ಎಂದಳು. ಅವಳ ಮುಖದಲ್ಲಿ ಕಂಡದ್ದು ಕನಿಕರ. ಅದಕ್ಕಿಂತ ಬೈದಿದ್ದರೆ ಹಗುರವಾಗುತ್ತಿತ್ತು.

ಮಾತ್ರೆ, ಸಪ್ಪೆ ಊಟದಲ್ಲಿ ಎರಡು ತಿಂಗಳು ಕಳೆದವು. ತಲೆಸುತ್ತು ನಿಂತಿತು. ಗುಂಯ್ ಎನ್ನುವುದು ತಗ್ಗಿತು, ಹೋಗಲಿಲ್ಲ. ಎಡಗಿವಿಯ ಕೆಳದನಿ ಅರ್ಧ ಬಂತು. ಇವರು ಮತ್ತೆ ಮೇಲೆ ಹೋಗಲು ಶುರು ಮಾಡಿದರು. ಈಗ ಒಂದೇ ಸ್ಪೀಕರು ಎದುರಿಗಿಟ್ಟುಕೊಂಡು ಬಲಗಿವಿಯನ್ನು ಅದರ ಕಡೆಗೆ ತಿರುಗಿಸಿ ಕೂರುತ್ತಿದ್ದರು. ತಪ್ಪು ತೀರಿಸಿಕೊಳ್ಳುವ ಆಸೆಯಿಂದ, ಒಂದು ಭಾನುವಾರ ಮಧ್ಯಾಹ್ನ ನಾನೂ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತೇನೆಂದೆ. ನನ್ನ ಎರಡೂ ಕಿವಿ ಸರಿಯಿವೆ, ಪ್ರಮಾಣಪತ್ರವೇ ಇದೆ.

ಹಾಡು ಹಾಕಿದರು. ಮುನೇಶನ ಹಾಡು, ಮುನೇಶನ ಕೀಬೋರ್ಡು, ಅಡಿಯಲ್ಲೆಲ್ಲೋ ಇವರ ಗಿಟಾರು.

"ಬೇಸ್ ಸರಿಯಾಗಿ ಕೇಳಿಸ್ತಿಲ್ಲ. ಸ್ವಲ್ಪ ಜಾಸ್ತಿ ಮಾಡ್ರಿ," ಎಂದೆ.

ಮಾಡಿದರು. ಎಲ್ಲ ಕಲಸಿದ ಮುದ್ದೆಯಾಯಿತು.

"ಇನ್ನೂ ಸ್ವಲ್ಪ."

"ಜಾಸ್ತಿ ಮಾಡೋದಲ್ಲ ಕಣೇ," ಎಂದರು. "ಅದೇ ತಪ್ಪು ನಾನು ಮೂರು ತಿಂಗಳು ಮಾಡಿದ್ದು. ನಂಗೆ ಕಿವಿ ಹೋಗಿತ್ತು. ನಿಂಗೇನಾಗಿದೆ?"

ಬೇಸನ್ನು ಮೊದಲಿದ್ದಲ್ಲಿಗೆ ಇಳಿಸಿದರು. ಆಮೇಲೆ ಕಂಪ್ಯೂಟರಿನಲ್ಲಿ ಮುನೇಶನ ಕೀಬೋರ್ಡಿನ ರೆಕಾರ್ಡಿಂಗ್ ತೆರೆದು, ಅದರ ಕೆಳದನಿಗಳನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸಿ ಹಾಕಿದರು. ತಕ್ಷಣ ಮುನೇಶನಿಗೆ ಫೋನ್.

"ಮುನೇಶಾ, ನಿನ್ ಎಡಗೈ ತೆಗ್ದಿದೀನಿ."

"ಏನ್ ತೆಗ್ದಿದೀಯಾ?"

"ನೀನು ಎಡಗೈಲಿ ನನ್ ಜಾಗದಲ್ಲೇ ನುಡಿಸ್ತಿದೀಯಾ. ಒಂದೇ ಬಾಗ್ಲಲ್ಲಿ ಇಬ್ರು ನುಗ್ಗಿದಂಗೆ."

"ಲೋ, ಇಪ್ಪತ್ತೈದು ವರ್ಷದಿಂದ ಹಿಂಗೇ ನುಡಿಸ್ತಿದೀನಿ!"

"ಅದಕ್ಕೇ ಇಪ್ಪತ್ತೈದು ವರ್ಷದಿಂದ ನಾನು ಯಾರಿಗೂ ಕೇಳಿಸಿಲ್ಲ," ಎಂದರು ನನ್ನ ಗಂಡ. ಇಷ್ಟು ಗಡುಸಾಗಿ ಇವರು ಯಾರೊಂದಿಗಾದರೂ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮುನೇಶ್ ಇನ್ನೂ ಕೂಗಾಡುತ್ತಿದ್ದಂತೆಯೇ ಫೋನ್ ಇಟ್ಟು, ಹಾಡು ಕಳಿಸಿದರು. ಹತ್ತು ನಿಮಿಷದ ಮೇಲೆ ಅವನೇ ಫೋನ್ ಮಾಡಿದ. "ಬೈಕೊಂಡೇ ಕೇಳ್ದೆ ಮಗಾ," ಎಂದ. "ಹಂಗೇ ಇರ್ಲಿ ಬಿಡು."

ಅಷ್ಟರಲ್ಲಿ ನಾನೂ ಕೇಳಿದ್ದೆ. ಹಾಡು ಮುಂಚಿನಷ್ಟೇ ಕೆಟ್ಟದ್ದು, ಮುನೇಶನ ಕಂಠ ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದರಡಿಯಲ್ಲಿ ಗಿಟಾರ್ ಈಗ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಬೆರಳು ತಂತಿಯನ್ನು ಎಳೆದು ಬಿಡುವುದು, ದನಿ ದುಂಡಗೆ ಎದ್ದು ಮುಂದಿನ ದನಿಗೆ ಜಾಗ ಬಿಟ್ಟು ಸರಿಯುವುದು. ಎರಡನೆಯ ಸಾಲಿನ ಕೊನೆಯಲ್ಲಿ ಮುನೇಶ್ ತಾಳ ತಪ್ಪುತ್ತಾನೆ. ಇವರು ಅಲ್ಲಿ ಅರ್ಧ ಹೆಜ್ಜೆ ತಡೆದು, ಅವನನ್ನು ಕಾದು, ಜೊತೆಗೆ ಕರೆದುಕೊಂಡು ಮುಂದೆ ಹೋಗುತ್ತಾರೆ. ಅವನಿಗೆ ತಾನು ತಪ್ಪಿದ್ದೇ ತಿಳಿಯುವುದಿಲ್ಲ. ಇದನ್ನು ಇವರು ಎಷ್ಟು ವರ್ಷಗಳಿಂದ ಮಾಡುತ್ತಿದ್ದಾರೋ.

"ಚೆನ್ನಾಗಿದೆ ರೀ," ಎಂದೆ. ನಿಜವಾಗಿ ಹೇಳಿದೆ. "ಎಷ್ಟು ಚೆನ್ನಾಗಿ ನುಡಿಸ್ತೀರಿ."

ಇವರು ಬಲಗಿವಿಯನ್ನು ಸ್ಪೀಕರಿನಿಂದ ನನ್ನ ಕಡೆಗೆ ತಿರುಗಿಸಿ, ನಾನು ಯಾರೋ ತಡವಾಗಿ ಬಂದು ಕೌಂಟರಿನ ಮುಂದೆ ನಿಂತ ಗಿರಾಕಿಯೆಂಬಂತೆ ನೋಡಿದರು.

"ಮದ್ವೆಯಾಗಿ ಇಪ್ಪತ್ತೊಂದು ವರ್ಷ," ಎಂದರು. "ಎರಡೂ ಕಿವಿ ನೆಟ್ಟಗಿಟ್ಕೊಂಡು ನೀನು ಏನ್ ಕೇಳ್ತಿದ್ದೆ?"

ಇವರು ಉತ್ತರಕ್ಕೆ ಕಾಯಲಿಲ್ಲ. ಎರಡನೆಯ ಹಾಡು ತೆರೆದು, ಮುನೇಶನ ಎಡಗೈ ಎಲ್ಲಿದೆಯೆಂದು ಹುಡುಕತೊಡಗಿದರು.